ಹಗಲಿನ ಬಿಸಿಲು, ಇರುಳಿನ ದೀಪ

ಕಲ್ಲಿದ್ದಲೆಂಬುದು ಹಳೆಯ ಬಿಸಿಲು ಎಂದರೆ ಅತಿಶಯೋಕ್ತಿಯಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಜೌಗುನೆಲದಲ್ಲಿ ಬೆಳೆದ ಸಸ್ಯಗಳು ಸೂರ್ಯನ ಬಲದಿಂದ ಗಾಳಿಯಲ್ಲಿದ್ದ ಇಂಗಾಲವನ್ನು ಹೀರಿ ತಮ್ಮ ಒಡಲನ್ನು ಕಟ್ಟಿಕೊಂಡವು. ಮಣ್ಣಿನಡಿಯಲ್ಲಿ ಹೂತು, ಒತ್ತಡಕ್ಕೂ ಉಷ್ಣಕ್ಕೂ ಸಿಕ್ಕಿ ಕಲ್ಲಿದ್ದಲಾದವು. ಪ್ರಕೃತಿಯು ಯುಗಯುಗಗಳಿಂದ ಕೂಡಿಟ್ಟ ಈ ಗಂಟನ್ನು ಮಾನವನು ಕೆಲವೇ ಶತಮಾನಗಳಲ್ಲಿ ಕರಗಿಸುತ್ತಿದ್ದಾನೆ.

ಗಂಟು ಕರಗುವುದಷ್ಟೇ ಆಗಿದ್ದರೆ ಚಿಂತೆ ಇಷ್ಟಿರುತ್ತಿರಲಿಲ್ಲ. ಉರಿದ ಇಂಗಾಲವು ನಾಶವಾಗುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. 12 ಕಿಲೋಗ್ರಾಂ ಇಂಗಾಲವು 32 ಕಿಲೋಗ್ರಾಂ ಆಮ್ಲಜನಕದೊಡನೆ ಕೂಡಿ 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ನೆಲವು ಹೊರಸೂಸುವ ಶಾಖವನ್ನು ಈ ಅನಿಲವು ಹೀರಿ, ಅದರಲ್ಲೊಂದು ಪಾಲನ್ನು ಮರಳಿ ನೆಲಕ್ಕೇ ಕಳುಹಿಸುತ್ತದೆ. ಇದು ಹೆಚ್ಚಿದರೆ ಭೂಮಿಯ ಉಷ್ಣತೆ ಏರುವುದೆಂದು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1896ರಲ್ಲಿಯೇ ಲೆಕ್ಕಹಾಕಿ ತೋರಿಸಿದ್ದನು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳತೆಯನ್ನು ಆರಂಭಿಸಿದಾಗ, ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಈ ಅನಿಲದವಾಗಿದ್ದವು. ಇಂದು ಆ ಸಂಖ್ಯೆ 420ನ್ನು ಮೀರಿದೆ.

ಹಾಗಾದರೆ ಹಳೆಯ ಬಿಸಿಲನ್ನು ಬಿಟ್ಟು ಇಂದಿನ ಬಿಸಿಲನ್ನೇ ಏಕೆ ಬಳಸಬಾರದು? ಬಳಸಬಹುದು, ಬಳಸುತ್ತಲೂ ಇದ್ದೇವೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬರಗಾಲಕ್ಕೆ ಹೆಸರಾದುದು. ಅಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕೇಂದ್ರವಿದೆ. ನಿರ್ಮಲವಾದ ನಡುಹಗಲಿನಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 1,000 ವಾಟ್ ಶಕ್ತಿ ಸುರಿಯುತ್ತದೆ. ಸಿಲಿಕಾನ್ ಫಲಕವು ಅದರ ಸುಮಾರು ಐದನೆಯ ಒಂದು ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ.

ಆದರೆ ತೊಡಕು ಇರುವುದು ಸಂಜೆಯಲ್ಲಿ. ಮನೆಮನೆಯ ದೀಪ ಹತ್ತುವ ಹೊತ್ತಿಗೆ ಸೂರ್ಯನು ಮುಳುಗಿರುತ್ತಾನೆ. ಗಾಳಿಯಂತ್ರಗಳೂ ನಮ್ಮ ಅಗತ್ಯವನ್ನು ನೋಡಿ ತಿರುಗುವುದಿಲ್ಲ. ಕಲ್ಲಿದ್ದಲಿನ ನಿಜವಾದ ಹಿರಿಮೆ ಇಲ್ಲಿಯೇ ಇದೆ: ಅದು ಕೂಡಿಟ್ಟ ಶಕ್ತಿ, ಬೇಕೆಂದಾಗ ಉರಿಸಬಹುದು. ಅದನ್ನು ತೊರೆಯಬೇಕಾದರೆ, ಪ್ರಕೃತಿ ಮಾಡಿದ ಕೂಡಿಡುವ ಕೆಲಸವನ್ನು ನಾವೇ ದಿನದಿನವೂ ಮಾಡಬೇಕು.

ಕೆಲವು ಗಂಟೆಗಳ ಮಟ್ಟಿಗೆ ಬ್ಯಾಟರಿಗಳು ಈ ಕೆಲಸವನ್ನು ಮಾಡಬಲ್ಲವು. ಇನ್ನೊಂದು ಸಾಧನ ನೀರು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಪಡೆದು ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ ನಾಡಿಗೆ ನೀರಿನ ಬಲ ಹೊಸದಲ್ಲ. ಹೊಸದೆಂದರೆ, ಇಳಿದ ನೀರನ್ನು ಹಗಲಿನ ವಿದ್ಯುತ್ತಿನಿಂದ ಮತ್ತೆ ಮೇಲಿನ ಜಲಾಶಯಕ್ಕೇರಿಸಿ ಸಂಜೆ ಇಳಿಬಿಡುವುದು. ಏರಿಸಲು ವ್ಯಯವಾದ ಪ್ರತಿ 100 ಯೂನಿಟ್‌ಗಳಲ್ಲಿ 75ರಿಂದ 80ರಷ್ಟು ಮರಳಿ ದೊರೆಯುತ್ತವೆ.

ಇದಕ್ಕೂ ಬೆಲೆಯುಂಟು. 1,000 ಲೀಟರ್ ನೀರನ್ನು 367 ಮೀಟರ್, ಅಂದರೆ ಜೋಗ ಜಲಪಾತದ ಸುಮಾರು ಒಂದೂವರೆ ಪಟ್ಟು ಎತ್ತರಕ್ಕೇರಿಸಿದರೆ ಕೂಡುವ ಶಕ್ತಿ ಕೇವಲ ಒಂದು ಯೂನಿಟ್! ಆದುದರಿಂದ ದೊಡ್ಡ ಜಲಾಶಯಗಳೂ ಎತ್ತರದ ಬೆಟ್ಟಗಳೂ ಬೇಕು. ನಮ್ಮಲ್ಲಿ ಅಂತಹ ಬೆಟ್ಟಗಳಿರುವುದು ಪಶ್ಚಿಮ ಘಟ್ಟದಲ್ಲಿ. ಶರಾವತಿ ಕಣಿವೆಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಇಂತಹ ಯೋಜನೆಯೊಂದನ್ನು ರೂಪಿಸಲಾಗಿದೆ. ಆ ಕಣಿವೆ ಸಿಂಗಳೀಕಗಳ ನೆಲೆ. ಕಾಡಿಗೆ ಹಾನಿಯಾಗುವುದೆಂದು ಅದಕ್ಕೆ ಬಲವಾದ ವಿರೋಧವೂ ಇದೆ. ಗಾಳಿಯನ್ನು ಉಳಿಸಲು ಹೊರಟು ಕಾಡನ್ನು ಕಳೆದುಕೊಳ್ಳಬಹುದೇ ಎಂಬುದು ತಳ್ಳಿಹಾಕುವ ಪ್ರಶ್ನೆಯಲ್ಲ.

ಆದುದರಿಂದ ಮೊದಲು ಮಾಡಬೇಕಾದುದು, ಕೂಡಿಡಬೇಕಾದ ಪ್ರಮಾಣವನ್ನೇ ತಗ್ಗಿಸುವುದು. ಹೊಲದ ಪಂಪು, ಹಿಟ್ಟಿನ ಗಿರಣಿ, ನೀರಿನ ಟ್ಯಾಂಕು ತುಂಬುವ ಮೋಟಾರು ಇವೆಲ್ಲ ಸಂಜೆಗೇ ಕಾಯಬೇಕಾಗಿಲ್ಲ. ಬಿಸಿಲಿರುವಾಗಲೇ ಬಳಸಿದ ಯೂನಿಟ್ಟಿಗೆ ಜಲಾಶಯವೂ ಬೇಡ, ಬ್ಯಾಟರಿಯೂ ಬೇಡ.

ನಿಮ್ಮ ಮನೆಯ ವಿದ್ಯುತ್ ಬಿಲ್ಲನ್ನು ತೆಗೆದು ನೋಡಿರಿ. ಸೂರ್ಯಾಸ್ತದ ಬಳಿಕ ದಿನಕ್ಕೆ ಎರಡು ಯೂನಿಟ್ ವ್ಯಯವಾಗುವ ಮನೆಗಾಗಿ ಕನಿಷ್ಠ 2,000 ಲೀಟರ್ ನೀರು ಪ್ರತಿದಿನವೂ ಆ ಎತ್ತರವನ್ನು ಏರಬೇಕು. ನಿಮ್ಮ ಮನೆಗೆಷ್ಟು, ನಿಮ್ಮ ಊರಿಗೆಷ್ಟು? ಲೆಕ್ಕ ಹಾಕಿದವರಿಗೆ ಒಂದು ದೀಪವನ್ನು ಆರಿಸುವುದರ ಬೆಲೆ ತಾನಾಗಿ ತಿಳಿಯುವುದು.