ಗಿಟಾರಿನ ಧ್ವನಿವರ್ಧಕ ಯಂತ್ರ ಮತ್ತು ವಾಲ್ವಿನ ಬಯಾಸ್

ವಿದ್ಯುತ್ ಗಿಟಾರ್ ಎಂಬ ವಾದ್ಯವು ಈಗ ನಮ್ಮ ದೇವಾಲಯಗಳ ಗಾಯನ ಮಂಡಳಿಗಳಲ್ಲಿಯೂ ಮನೆಯ ಮಕ್ಕಳ ಕೋಣೆಗಳಲ್ಲಿಯೂ ಸ್ಥಾನವನ್ನು ಪಡೆದಿರುತ್ತದೆ. ಅದರ ತಂತಿಯ ಸ್ವರವು ತಾನಾಗಿ ಬಹು ಕ್ಷೀಣವಾದುದು. ಅದನ್ನು ದೊಡ್ಡದಾಗಿಸುವ ಯಂತ್ರದಲ್ಲಿಯೇ ಅದರ ಜೀವವಿರುವುದು. ರೇಡಿಯೋ ಪೆಟ್ಟಿಗೆಗಳಿಂದ ವಾಲ್ವುಗಳು ಮರೆಯಾಗಿ ಬಹುಕಾಲವಾದರೂ ಗಿಟಾರ್ ವಾದಕರಲ್ಲಿ ಅನೇಕರು ಅವುಗಳನ್ನು ಇನ್ನೂ ಬಿಟ್ಟಿಲ್ಲ. ಇಂಥ ಯಂತ್ರಕ್ಕೆ ಹೊಸ ವಾಲ್ವುಗಳನ್ನು ಹಾಕಿಸಿದಾಗ “ಬಯಾಸ್ ಸರಿಪಡಿಸಬೇಕು” ಎಂದು ದುರಸ್ತಿಗಾರರು ಹೇಳುವುದುಂಟು. ಹಣ ತೆರುವ ತಂದೆತಾಯಿಗಳಿಗೆ ಅದು ಏನೆಂದು ತಿಳಿಯದು. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಾಲ್ವೆಂದರೆ ಗಾಳಿಯನ್ನು ಹೊರತೆಗೆದು ಮುಚ್ಚಿದ ಗಾಜಿನ ಬುರುಡೆ. ಅದರ ನಡುವೆ ಕ್ಯಾಥೋಡ್ ಎಂಬ ಲೋಹದ ಕೊಳವೆಯಿದೆ. ಒಳಗಿನ ತಂತಿಯು ಇದನ್ನು ಕಾಯಿಸಿದಾಗ ಎಲೆಕ್ಟ್ರಾನುಗಳೆಂಬ ಋಣವಿದ್ಯುತ್ತಿನ ಕಣಗಳು ಹೊರಟು, ಸುತ್ತಲಿರುವ ಪ್ಲೇಟ್ ಎಂಬ ಧನವಿದ್ಯುತ್ತುಳ್ಳ ತಗಡಿನ ಕಡೆಗೆ ಧಾವಿಸುತ್ತವೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಪಂಡಿತರು ನಿರ್ಮಿಸಿದ ವಾಲ್ವಿನಲ್ಲಿ ಇವೆರಡೇ ಇದ್ದವು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಎಂಬವರು ಇವುಗಳ ನಡುವೆ ಗ್ರಿಡ್ ಎಂಬ ತಂತಿಯನ್ನು ಸೇರಿಸಿದರು. ಕೆರೆಗೆ ತೂಬು ಹೇಗೋ ವಾಲ್ವಿಗೆ ಗ್ರಿಡ್ ಹಾಗೆ. ಗ್ರಿಡ್ಡಿಗೆ ಋಣ ವೋಲ್ಟೇಜನ್ನು ಹೆಚ್ಚಿಸಿದಷ್ಟೂ ಅದು ಎಲೆಕ್ಟ್ರಾನುಗಳನ್ನು ಹಿಂದಕ್ಕೆ ನೂಕಿ ಪ್ರವಾಹವನ್ನು ತಗ್ಗಿಸುತ್ತದೆ. ಗಿಟಾರಿನ ಸ್ವರವು ಈ ತೂಬನ್ನು ಏರಿಸಿ ಇಳಿಸುವ ಕೈ ಎನ್ನಬಹುದು. ಹಾಗಾದರೆ ಸ್ವರವೇ ಇಲ್ಲದಿರುವಾಗ ತೂಬು ಎಷ್ಟು ತೆರೆದಿರಬೇಕು? ಅದನ್ನು ನಿಶ್ಚಯಿಸುವ ಸ್ಥಿರವಾದ ಋಣ ವೋಲ್ಟೇಜಿಗೇ ಬಯಾಸ್ ಎಂದು ಹೆಸರು.

ದೃಷ್ಟಾಂತಕ್ಕಾಗಿ, ಅಮೆರಿಕದ ಫೆಂಡರ್ ಕಂಪೆನಿಯವರು 1963ರಲ್ಲಿ ಹೊರತಂದ ಸೂಪರ್ ರಿವರ್ಬ್ ಎಂಬ ಯಂತ್ರವನ್ನು ತೆಗೆದುಕೊಳ್ಳೋಣ. ಇದರ ಕೊನೆಯ ಹಂತದಲ್ಲಿ 6ಎಲ್6ಜಿಸಿ ಎಂಬ ಎರಡು ದೊಡ್ಡ ವಾಲ್ವುಗಳಿವೆ. ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಒನಕೆಯಿಂದ ಭತ್ತ ಕುಟ್ಟುವಂತೆ, ಸ್ವರದ ಅಲೆಯ ಏರನ್ನು ಒಂದೂ ಇಳಿತವನ್ನು ಇನ್ನೊಂದೂ ಹೊರುತ್ತವೆ. ಋಣ ವೋಲ್ಟೇಜು ಅತಿಯಾದರೆ ಒಬ್ಬಳು ಕೈಬಿಟ್ಟ ಮೇಲೆ ಇನ್ನೊಬ್ಬಳು ಎತ್ತಿಕೊಳ್ಳುವುದರೊಳಗೆ ತಾಳ ತಪ್ಪುತ್ತದೆ. ಮೆಲ್ಲನೆ ನುಡಿಸಿದ ಸ್ವರವೂ ಒಡಕಾಗಿ ಕೇಳುತ್ತದೆ. ಕಡಿಮೆಯಾದರೆ ಕೇಡು ಇನ್ನೂ ದೊಡ್ಡದು. ವಾಲ್ವು ಸುಮ್ಮನಿರುವಾಗಲೂ ಮಿತಿಮೀರಿ ಪ್ರವಾಹವನ್ನು ಹರಿಸಿ, ಅದರ ಪ್ಲೇಟು ಕಮ್ಮಾರನ ಕುಲುಮೆಯ ಕಬ್ಬಿಣದಂತೆ ಕೆಂಪೇರುತ್ತದೆ. ಕತ್ತಲೆ ಕೋಣೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹಾಗೆ ಕಂಡರೆ ಆ ಕ್ಷಣವೇ ಯಂತ್ರವನ್ನು ಆರಿಸತಕ್ಕದ್ದು.

ಅಳೆಯುವ ಕ್ರಮಕ್ಕೆ ಮುಂಚೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಯಂತ್ರದೊಳಗೆ 450 ವೋಲ್ಟಿನಷ್ಟು ವಿದ್ಯುತ್ತಿರುತ್ತದೆ. ಅದು ಪ್ರಾಣ ತೆಗೆಯಬಲ್ಲದು. ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆಯೂ ಒಳಗಿನ ಕೆಪಾಸಿಟರುಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಅವು ಬರಿದಾಗಿವೆಯೆಂದು ಮೀಟರಿನಿಂದ ನೋಡಿ ತಿಳಿಯದೆ ಒಳಗೆ ಕೈ ಹಾಕಲೇಕೂಡದು. ಈ ಕೆಲಸದಲ್ಲಿ ಅನುಭವವಿಲ್ಲದ ಮಗನಾಗಲಿ ಮಗಳಾಗಲಿ ಯಂತ್ರದ ಹಿಂಬದಿಯನ್ನು ಬಿಚ್ಚುತ್ತಿದ್ದರೆ ಹಿರಿಯರು ನಿಸ್ಸಂಕೋಚವಾಗಿ ತಡೆಯಬೇಕು. ಬಲ್ಲವರು ಸಹ ಒಂಟಿಯಾಗಿ ಮಾಡುವುದಿಲ್ಲ. ಅಳೆಯುವಾಗ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ. ಯಂತ್ರಕ್ಕೆ ಸ್ಪೀಕರನ್ನು ಜೋಡಿಸದೆ ನಡೆಸುವುದೂ ಸಲ್ಲದು.

ಇನ್ನು ಅಳತೆ. ನಕ್ಷೆಯಲ್ಲಿ ಬರೆದಿರುವ ಋಣ ವೋಲ್ಟೇಜನ್ನು ಹಾಗೆಯೇ ಇಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ಒಂದೇ ಹೆಸರಿನ ಎರಡು ವಾಲ್ವುಗಳು ಒಂದೇ ವೋಲ್ಟೇಜಿಗೆ ಬೇರೆಬೇರೆ ಪ್ರವಾಹವನ್ನು ಹರಿಸುತ್ತವೆ. ಒಂದು 30, ಇನ್ನೊಂದು 45 ಮಿಲಿ ಆಂಪಿಯರ್ ಹರಿಸಿದರೂ ಆಶ್ಚರ್ಯವಿಲ್ಲ. ಆದುದರಿಂದ ನೋಡಬೇಕಾದದ್ದು ಪ್ರವಾಹವನ್ನು. ಪ್ರತಿ ವಾಲ್ವಿನ ಕ್ಯಾಥೋಡಿಗೂ ಯಂತ್ರದ ಲೋಹದ ತಳಕ್ಕೂ ನಡುವೆ 1 ಓಮ್ ರೆಸಿಸ್ಟರನ್ನು ಬೆಸೆಯುತ್ತಾರೆ. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಓಮನ ನಿಯಮವನ್ನು ಕಲಿತವರಿಗೆ ಮುಂದಿನದು ಸುಲಭ: ಆ ರೆಸಿಸ್ಟರಿನ ಎರಡು ತುದಿಗಳ ನಡುವೆ ಕಾಣುವ ಪ್ರತಿ ಮಿಲಿ ವೋಲ್ಟೂ ಒಂದು ಮಿಲಿ ಆಂಪಿಯರ್ ಪ್ರವಾಹವನ್ನು ಸೂಚಿಸುತ್ತದೆ.

ಮೀಟರು 40 ಮಿಲಿ ವೋಲ್ಟನ್ನು ತೋರಿಸಿತೆನ್ನಿರಿ. ಪ್ಲೇಟಿನಲ್ಲಿ 450 ವೋಲ್ಟುಗಳಿವೆ. 450ನ್ನು 0.040ರಿಂದ ಗುಣಿಸಲು 18 ವಾಟ್ ಆಯಿತು. 6ಎಲ್6ಜಿಸಿ ವಾಲ್ವಿನ ಪ್ಲೇಟು ತಾಳಬಲ್ಲ ಗರಿಷ್ಠ ಶಾಖ 30 ವಾಟ್. ಇಂಥ ಯಂತ್ರಗಳಲ್ಲಿ ನೂರಕ್ಕೆ 70 ಪಾಲನ್ನು, ಎಂದರೆ 21 ವಾಟನ್ನು, ಮೀರಬಾರದೆಂದು ರೂಢಿ. ಈ ಲೆಕ್ಕದಲ್ಲಿ ಪ್ರವಾಹವು ಸುಮಾರು 46 ಮಿಲಿ ಆಂಪಿಯರಿನವರೆಗೆ ಹೋಗಬಹುದು. 60 ಪಾಲಿನಲ್ಲಿಯೇ ನಿಲ್ಲಿಸುವುದು ಲೇಸೆಂದು ನನ್ನ ಅಭಿಪ್ರಾಯ. ಸ್ವರದಲ್ಲಿ ನಷ್ಟವು ಅಲ್ಪ, ವಾಲ್ವಿನ ಆಯುಸ್ಸಿಗೆ ಲಾಭ. ಕ್ಯಾಥೋಡಿನಲ್ಲಿ ಅಳೆದ ಪ್ರವಾಹದಲ್ಲಿ ಸ್ಕ್ರೀನ್ ಎಂಬ ಇನ್ನೊಂದು ಜಾಲರಿಯ ಚಿಕ್ಕ ಪಾಲೂ ಸೇರಿರುವುದರಿಂದ ನಮ್ಮ ಲೆಕ್ಕವು ಸ್ವಲ್ಪ ಹೆಚ್ಚೇ ಬರುತ್ತದೆ. ಅದು ಕ್ಷೇಮದ ಕಡೆಯ ವ್ಯತ್ಯಾಸವಾದ್ದರಿಂದ ಚಿಂತೆಯಿಲ್ಲ.

ಸರಿಪಡಿಸಲು ಯಂತ್ರದೊಳಗೆ ತಿರುಗಿಸುವ ಚಿಕ್ಕ ತಿರುಪು ಇರುತ್ತದೆ. ಮೊದಲು ಅದನ್ನು ಪ್ರವಾಹವು ಅತಿ ಕಡಿಮೆಯಾಗುವ ಕೊನೆಗೆ ಇಟ್ಟು, ಯಂತ್ರವನ್ನು ಕೆಲವು ನಿಮಿಷ ಕಾಯಗೊಟ್ಟು, ಬಳಿಕ ಮೆಲ್ಲಮೆಲ್ಲನೆ ತಿರುಗಿಸಬೇಕು. ಪ್ರವಾಹವು ಏರಿದಂತೆ ಪ್ಲೇಟಿನ ವೋಲ್ಟೇಜು ತುಸು ಇಳಿಯುವುದರಿಂದ ಪ್ರತಿಸಲವೂ ಎರಡನ್ನೂ ಅಳೆದು ಗುಣಿಸತಕ್ಕದ್ದು. ಎರಡು ವಾಲ್ವುಗಳ ಪ್ರವಾಹವು ಹೆಚ್ಚುಕಡಿಮೆ ಸಮವಾಗಿರಬೇಕು. ಬಹಳ ಅಂತರವಿದ್ದರೆ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಸೇರಿಕೊಳ್ಳುತ್ತದೆ. ಅಮೆರಿಕದಿಂದ ತಂದ 120 ವೋಲ್ಟಿನ ಯಂತ್ರವನ್ನು ನಮ್ಮಲ್ಲಿ 230 ವೋಲ್ಟನ್ನು ತಗ್ಗಿಸುವ ಟ್ರಾನ್ಸ್‌ಫಾರ್ಮರಿನ ಮೂಲಕವೇ ನಡೆಸಬೇಕು. ಮನೆಯ ವಿದ್ಯುತ್ತು ಕುಗ್ಗಿರುವ ಹೊತ್ತಿನಲ್ಲಿ ಮಾಡಿದ ಅಳತೆಯನ್ನು ನಂಬುವಂತಿಲ್ಲ. ಅದು ಪೂರ್ಣವಾಗಿ ಬಂದೊಡನೆ ಒಳಗಿನ ವೋಲ್ಟೇಜುಗಳೆಲ್ಲವೂ ಏರಿಬಿಡುತ್ತವೆ.

ಎಲ್ಲ ಯಂತ್ರಗಳಿಗೂ ಈ ಶ್ರಮವಿಲ್ಲ. ಇಂಗ್ಲೆಂಡಿನ ವಾಕ್ಸ್ ಎಸಿ30 ಯಂತ್ರದ ನಾಲ್ಕು ಇಎಲ್84 ವಾಲ್ವುಗಳ ಕ್ಯಾಥೋಡಿಗೆ ದೊಡ್ಡ ರೆಸಿಸ್ಟರನ್ನು ಕೊಟ್ಟಿರುತ್ತಾರೆ. ಪ್ರವಾಹವು ಹೆಚ್ಚಿದರೆ ಕ್ಯಾಥೋಡಿನ ವೋಲ್ಟೇಜು ಏರಿ, ಗ್ರಿಡ್ಡು ಅದಕ್ಕಿಂತ ಇನ್ನಷ್ಟು ಋಣವಾಗಿ, ವಾಲ್ವು ತನ್ನನ್ನು ತಾನೇ ಹಿಡಿತಕ್ಕೆ ತಂದುಕೊಳ್ಳುತ್ತದೆ. ಮುಂಭಾಗದ 12ಎಎಕ್ಸ್7 ಎಂಬ ಚಿಕ್ಕ ವಾಲ್ವುಗಳಿಗೂ ಸಾಮಾನ್ಯವಾಗಿ ಇದೇ ಏರ್ಪಾಡು. ಅವನ್ನು ಮಾತ್ರ ಬದಲಾಯಿಸಿ ಬಯಾಸ್ ಸರಿಪಡಿಸಿದ್ದಕ್ಕೆಂದು ಯಾರಾದರೂ ಹಣ ಕೇಳಿದರೆ ಕೊಡಬೇಕಾದುದಿಲ್ಲ.