ನೋಶಾಕ್ ಹತ್ತಿದ ಅಫ್ಗನ್ನರು

ಅಫ್ಗಾನಿಸ್ತಾನದ ಅತಿ ಎತ್ತರದ ಪರ್ವತದ ಹೆಸರು ನೋಶಾಕ್. ಎತ್ತರ 7,492 ಮೀಟರ್. ಹಿಂದೂಕುಷ್ ಶ್ರೇಣಿಯಲ್ಲಿ ಪಾಕಿಸ್ತಾನದ ತಿರಿಚ್ ಮೀರ್ ಬಿಟ್ಟರೆ ಇದೇ ದೊಡ್ಡದು. 1960ರ ಆಗಸ್ಟ್ 17ರಂದು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ತಂಡ ಮೊದಲ ಬಾರಿಗೆ ಇದರ ನೆತ್ತಿ ಮುಟ್ಟಿತು. ಆ ನಾಡಿನ ಮಕ್ಕಳೇ ಅಲ್ಲಿ ಕಾಲಿಡಲು ಮತ್ತೆ 49 ವರ್ಷ ಬೇಕಾಯಿತು.

ತಡವಾದದ್ದಕ್ಕೆ ಬೆಟ್ಟವನ್ನು ದೂರುವಂತಿಲ್ಲ. ಪಶ್ಚಿಮದ ಏಣು ಹಿಡಿದು ಏರುವ ದಾರಿ, ಮೇಲ್ಭಾಗದ ಬಂಡೆಗೋಡೆಯೊಂದನ್ನು ಬಿಟ್ಟರೆ, ಆ ಎತ್ತರದ ಶಿಖರಗಳ ಪೈಕಿ ಕಡುಕಷ್ಟದ್ದೇನಲ್ಲ. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಯುರೋಪಿನ ತಂಡಗಳು ಸಾಲುಸಾಲಾಗಿ ಬಂದವು. 1973ರ ಫೆಬ್ರುವರಿಯಲ್ಲಿ ಪೋಲೆಂಡಿನ ಆಂಡ್ರೆ ಜವಾಡಾ, ತದೇವುಶ್ ಪ್ಯೋತ್ರೋವ್‌ಸ್ಕಿ ಕಡು ಚಳಿಗಾಲದಲ್ಲೇ ಏರಿಬಿಟ್ಟರು. ಏಳು ಸಾವಿರ ಮೀಟರ್ ದಾಟಿದ ಶಿಖರವೊಂದನ್ನು ಚಳಿಗಾಲದಲ್ಲಿ ಮನುಷ್ಯರು ಏರಿದ್ದು ಅದೇ ಮೊದಲು. ಸ್ಥಳೀಯರ ಪಾಲಿಗೆ ಉಳಿದದ್ದು ಹೊರೆ ಹೊರುವುದು, ಬೇಸ್ ಕ್ಯಾಂಪ್‌ನಿಂದ ಹಿಂದಿರುಗುವುದು.

1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಒಳನುಗ್ಗಿತು. ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಬೆಟ್ಟದ ಕಡೆ ಯಾರೂ ಸುಳಿಯದಾದರು. ತೊಂಬತ್ತರ ದಶಕದ ಅಂತರ್ಯುದ್ಧದಲ್ಲಿ ನೋಶಾಕ್‌ಗೆ ಹೋಗುವ ಕಣಿವೆಯಲ್ಲೇ ನೆಲಬಾಂಬ್ ಹೂತರು. ಆ ದೇಶದಲ್ಲಿ ಬಾಂಬಿರುವ ಜಾಗಕ್ಕೆ ಕೆಂಪು ಬಣ್ಣ ಬಳಿದ ಕಲ್ಲು, ತೆರವಾದ ಜಾಗಕ್ಕೆ ಬಿಳಿ ಕಲ್ಲು ಇಡುವುದು ವಾಡಿಕೆ. ಹಿಮಕುಸಿತಕ್ಕೂ ಮೊದಲು ಇಲ್ಲಿನ ಚಾರಣಿಗ ಹೆದರಬೇಕಾದದ್ದು ಹುಲ್ಲುಹಾದಿಗೆ. ಪರ್ವತಾರೋಹಣದ ಯಾವ ತರಬೇತಿಯೂ ಕಲಿಸದ ಭಯ ಅದು.

ನೋಶಾಕ್ ಇರುವುದು ಬದಖ್‌ಶಾನ್ ಪ್ರಾಂತ್ಯದ ವಖಾನ್ ಪಟ್ಟಿಯ ಬದಿಯಲ್ಲಿ. ಬ್ರಿಟಿಷ್ ಭಾರತಕ್ಕೂ ರಷ್ಯಾಕ್ಕೂ ಗಡಿ ತಾಗದಿರಲೆಂದು 19ನೇ ಶತಮಾನದ ಕೊನೆಯಲ್ಲಿ ಎರಡು ಸಾಮ್ರಾಜ್ಯಗಳು ಸೇರಿ ಉಳಿಸಿದ ತೆಳು ನೆಲ ಅದು. ಒಂದು ಕಡೆ ಪಂಜ್ ನದಿ, ಅದರಾಚೆ ತಜಿಕಿಸ್ತಾನ. ಇನ್ನೊಂದು ಕಡೆ ಪಾಕಿಸ್ತಾನ. ಇಲ್ಲಿನ ವಖೀ ಜನ ಇಸ್ಮಾಯಿಲಿ ಪಂಥದವರು. ಬೇಸಾಯ, ಕುರಿ, ಯಾಕ್ ನಂಬಿದವರು. ದೇಶದ ಬೇರೆಡೆ ಯುದ್ಧ ಉರಿಯುತ್ತಿದ್ದಾಗಲೂ ವಖಾನ್ ಬಹುಮಟ್ಟಿಗೆ ತಣ್ಣಗಿತ್ತು. 2003ರಲ್ಲಿ ಇಟಲಿಯ ತಂಡವೊಂದು ಬಂದು ದಾರಿ ಮತ್ತೆ ತೆರೆಯಿತು.

ವಖಾನಿನವರೇ ಆದ ನಾಲ್ವರನ್ನು 2009ರಲ್ಲಿ ಫ್ರೆಂಚ್ ಆರೋಹಿಗಳು ತರಬೇತಿಗೊಳಿಸಿ ಕರೆದೊಯ್ದರು. ಜುಲೈ 19ರಂದು ಅವರಲ್ಲಿ ಮಲಂಗ್, ಅಮ್ರುದ್ದೀನ್ ಇಬ್ಬರು ತುದಿ ತಲುಪಿದರು. ಇನ್ನೊಂದು ತಿಂಗಳಲ್ಲಿ ಅಧ್ಯಕ್ಷೀಯ ಚುನಾವಣೆ. ದೇಶದಲ್ಲೆಲ್ಲ ಬಾಂಬಿನ ಸುದ್ದಿ. ಅಂಥ ಹೊತ್ತಿನಲ್ಲಿ ನಾಡಿನ ಅತಿ ಎತ್ತರದ ಜಾಗದಲ್ಲಿ ನಿಂತವರು ಸೈನಿಕರಲ್ಲ, ಕಣಿವೆಯ ಹಳ್ಳಿಗರು. ನನ್ನ ಮಟ್ಟಿಗೆ ಜಪಾನೀಯರ ಮೊದಲ ಆರೋಹಣಕ್ಕಿಂತ ಇದೇ ದೊಡ್ಡದು.

ಎರಡನೆಯ ಅಧ್ಯಾಯ ಕಾಬೂಲಿನ ಹುಡುಗಿಯರದು. ಅಮೆರಿಕದ ಮರೀನಾ ಲೆಗ್ರೀ ಕಟ್ಟಿದ 'ಅಸೆಂಡ್' ಎಂಬ ಸಂಸ್ಥೆ ಅಲ್ಲಿ ಹೆಣ್ಣುಮಕ್ಕಳಿಗೆ ವ್ಯಾಯಾಮ, ಬಂಡೆಯೇರುವುದು, ಹಗ್ಗ ಬಳಸುವುದು, ಜೊತೆಗೆ ಮುಂದಾಳಾಗುವುದನ್ನೂ ಕಲಿಸಿತು. ಹುಡುಗಿ ಬೀದಿಯಲ್ಲಿ ಓಡಿದರೆ ಸಾಕು, ಮಾತು ಹುಟ್ಟುವ ಊರು ಅದು. ಅಪ್ಪ, ಅಣ್ಣಂದಿರನ್ನು ಒಪ್ಪಿಸುವುದೇ ಮೊದಲ ಏರು. ಹಜಾರಾ, ತಜಿಕ್, ಪಶ್ತೂನ್ ಎಂಬ ಭೇದವಿಲ್ಲದೆ ಒಂದೇ ಹಗ್ಗಕ್ಕೆ ಕಟ್ಟಿಕೊಳ್ಳಬೇಕಾಗಿದ್ದುದು ಆ ಸಮಾಜದಲ್ಲಿ ಸಣ್ಣ ಸಂಗತಿಯಲ್ಲ.

ಆ ತಂಡದ ಹನೀಫಾ ಯೂಸುಫಿ 2018ರ ಆಗಸ್ಟ್ 10ರಂದು ನೋಶಾಕ್ ತುದಿ ಮುಟ್ಟಿದರು. ಅಲ್ಲಿಗೆ ತಲುಪಿದ ಮೊದಲ ಅಫ್ಗನ್ ಮಹಿಳೆ ಅವರು. ಜೊತೆಗೆ ಹೊರಟಿದ್ದ ಗೆಳತಿಯರು ಕೆಳಗಿನ ಶಿಬಿರಗಳಿಂದಲೇ ಹಿಂದಿರುಗಬೇಕಾಯಿತು. ಅದೇ ದಿನ ದಕ್ಷಿಣದಲ್ಲಿ ಗಜ್ನಿ ನಗರದ ಮೇಲೆ ತಾಲಿಬಾನ್ ಮುಗಿಬಿದ್ದಿತ್ತು. ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಗಜ್ನಿ. ಅದು ಸಹಜ, ಆದರೂ ಅಂದಿನ ಅಫ್ಗಾನಿಸ್ತಾನವೆಂದರೆ ಎರಡೂ ಹೌದು.

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಗೆ ಬಿತ್ತು. ಅಸೆಂಡ್ ತಂಡದ ಹಲವು ಹುಡುಗಿಯರು ದೇಶ ಬಿಟ್ಟರು. 2022ರ ನವೆಂಬರಿನಲ್ಲಿ ಉದ್ಯಾನ, ಜಿಮ್‌ಗಳ ಬಾಗಿಲು ಕೂಡ ಹೆಣ್ಣುಮಕ್ಕಳಿಗೆ ಮುಚ್ಚಿತು. ಅಫ್ಗಾನಿಸ್ತಾನವೆಂದರೆ ಬಂದೂಕು, ಬುರ್ಖಾ ಎಂದಷ್ಟೇ ನೆನೆಯುವ ಓದುಗರಲ್ಲಿ ನನ್ನದೊಂದು ಕೋರಿಕೆ: ಮಲಂಗ್, ಅಮ್ರುದ್ದೀನ್, ಹನೀಫಾ ಎಂಬ ಈ ಮೂರು ಹೆಸರುಗಳನ್ನು ನಿಮ್ಮ ಮನೆಯ ಮಕ್ಕಳಿಗೆ ಹೇಳಿ.