ಅಂಕಕ್ಕೆ ಸಿಗದ ಡೊಳ್ಳು

ಮೆಕ್ಕೆಜೋಳದ ಒಕ್ಕಣೆ ಮುಗಿದು, ಮಾಲು ದಾವಣಗೆರೆಯ ಎಪಿಎಂಸಿ ಸೇರಿ, ರೈತನ ಕೈಯಲ್ಲಿ ಒಂದಿಷ್ಟು ರೊಕ್ಕ, ಒಂದಿಷ್ಟು ಬಿಡುವು ಎರಡೂ ಇರುವ ಕಾಲಕ್ಕೆ ಆನಗೋಡು ಸೀಮೆಯಲ್ಲಿ ತೇರುಗಳು ಶುರುವಾಗುತ್ತವೆ. ಆನಗೋಡು ಇರುವುದು ಹೆದ್ದಾರಿಯ ಮೇಲೆ, ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹದಿನೈದು ಕಿಲೊಮೀಟರಿನ ಆಸುಪಾಸು. ಹೊರಗಿನವರು ಈ ಊರನ್ನು ಕಿರು ಮೃಗಾಲಯದಿಂದ ಗುರುತಿಸುತ್ತಾರೆ. ರೈತ ಸಂಘದವರು 1992ರ ಗೋಲಿಬಾರಿನಲ್ಲಿ ಮಡಿದ ಇಬ್ಬರು ರೈತರ ನೆನಪಿನಿಂದ. ಸುತ್ತಲ ಹಳ್ಳಿಯಲ್ಲಿ ತೇರಿದ್ದ ದಿನ ಮಾತ್ರ ಇಡೀ ಸೀಮೆಯ ಗುರುತು ಕಿವಿಗೇ ಸಿಗುತ್ತದೆ. ಸಂಜೆ ಐದರ ಹೊತ್ತಿಗೆ, ಲಾರಿಗಳ ಹಾರನ್ನನ್ನೂ ಹಿಂದೆ ಹಾಕಿ, ಹೊಲಗಳ ಮೇಲಿನಿಂದ ಡೊಳ್ಳಿನ ಸದ್ದು ತೇಲಿಬರುತ್ತದೆ.

ಹತ್ತಿರ ಹೋದರೆ ಮೊದಲು ಕಾಣುವುದು ಡೊಳ್ಳಲ್ಲ, ಜನರ ಬೆನ್ನು. ಬೆನ್ನುಗಳ ಸಂದಿಯಲ್ಲಿ ತೂರಿ ಮುಂದೆ ಹೋದವರಿಗೆ ಹನ್ನೆರಡೋ ಹದಿನಾಲ್ಕೋ ಹುಡುಗರ ವೃತ್ತ. ಹೆಗಲಿಂದ ಇಳಿಬಿದ್ದ ಹಗ್ಗದಲ್ಲಿ ಹೊಟ್ಟೆಯ ಮುಂದೆ ತೂಗುವ ಮರದ ದೊಡ್ಡ ಡೊಳ್ಳು, ಎರಡೂ ಬಾಯಿಗೆ ಬಿಗಿದ ಚರ್ಮ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬರೀ ಅಂಗೈ. ಮುಂದಾಳು ಸೀಟಿ ಊದಿದೊಡನೆ ಗತ್ತು ಬದಲು: ನಿಂತವರು ಕೂರುತ್ತಾರೆ, ಕೂತವರು ಮಂಡಿಯ ಮೇಲೆ ತಿರುಗುತ್ತಾರೆ, ತಿರುಗುತ್ತಲೇ ಬಗ್ಗಿ ಪಕ್ಕದವನ ಡೊಳ್ಳಿಗೂ ಒಂದು ಪೆಟ್ಟು ಹಾಕುತ್ತಾರೆ. ತಾಳದವರು ಮುಖದ ಮೇಲಿನ ಬೆವರು ಒರೆಸಿಕೊಳ್ಳಲೂ ಬಿಡುವಿಲ್ಲದೆ ಬೆನ್ನು ಹತ್ತಿರುತ್ತಾರೆ. ಜಗಲಿಯ ಮೇಲೆ ಹೆಂಗಸರು, ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ಮಕ್ಕಳು. ಯಾರೋ ಒಬ್ಬರು ಹತ್ತರ ನೋಟು ತಂದು ಮುಂದಾಳಿನ ಅಂಗಿಗೆ ಪಿನ್ನು ಚುಚ್ಚುತ್ತಾರೆ. ಮಂಡಕ್ಕಿ ಮಿರ್ಚಿಯ ಗಾಡಿಯವನು ಬಾಣಲೆಯ ಅಂಚಿಗೆ ಜಾಲರಿ ಬಡಿಯುವುದೂ ಆ ಲಯಕ್ಕೇ ಬಂದು ಕೂತಿರುತ್ತದೆ; ಅವನಿಗದು ಗೊತ್ತೂ ಇರುವುದಿಲ್ಲ.

ಡೊಳ್ಳು ಹಾಲುಮತದವರ ವಾದ್ಯ, ಬೀರೇಶ್ವರನ ಪೂಜೆಯ ವಾದ್ಯ. ಡೊಳ್ಳಾಸುರನೆಂಬ ರಾಕ್ಷಸ ಶಿವನನ್ನೇ ನುಂಗಿದ, ಶಿವ ಅವನನ್ನು ಕೊಂದು ಚರ್ಮದಿಂದ ಈ ವಾದ್ಯ ಮಾಡಿದ ಎಂಬ ಕಥೆ ಇದೆ. ದೇವರಿಗಾಗಿ ಬಾರಿಸುವಾಗ ಗೆಲ್ಲುವ ಮಾತು ಎಲ್ಲಿಂದ ಬಂತು ಎಂದು ಕೇಳಬಹುದು. ಬರುತ್ತದೆ, ತಾನಾಗಿಯೇ ಬರುತ್ತದೆ. ಬೇರೆ ಬೇರೆ ಊರಿನ ಎರಡು ಮೇಳ ತೇರುಬೀದಿಯ ತಿರುವಿನಲ್ಲಿ ಎದುರಾಗಲಿ, ನೋಡಿ. ಮೊದಲು ಎರಡೂ ಕಡೆಯವರು ತಮ್ಮ ಪಾಡಿಗೆ ತಾವು ಬಾರಿಸುತ್ತಿರುತ್ತಾರೆ. ಒಬ್ಬ ಹುಡುಗ ವೇಗ ಏರಿಸುತ್ತಾನೆ. ಆಚೆಯವನು ಅದಕ್ಕೆ ಇನ್ನೊಂದು ಪೆಟ್ಟು ಸೇರಿಸಿ ವಾಪಸು ಕೊಡುತ್ತಾನೆ. ಹಿರಿಯರೊಬ್ಬರು ಹಿಂದಿನಿಂದ, "ಬಿಡಬ್ಯಾಡ್ರಲೇ, ಹೊಡೀರಿ!" ಎಂದು ಕೂಗಿದ್ದೇ ತಡ, ಇನ್ನರ್ಧ ಗಂಟೆ ತೇರಿನ ಹಗ್ಗ ಹಿಡಿದವರೂ ಅಲ್ಲೇ ನಿಲ್ಲುತ್ತಾರೆ. ಪೂಜಾರಿ ಗದರಿಸಿದ ಮೇಲೇ ಮೆರವಣಿಗೆ ಮುಂದೆ ಸಾಗುವುದು.

ಗೆದ್ದವರು ಯಾರು? ಆ ತೀರ್ಮಾನ ಮರುದಿನ ಚಹಾದಂಗಡಿಯ ಬೆಂಚಿನ ಮೇಲೆ ಆಗುತ್ತದೆ, ಅಥವಾ ಆಗುವುದೇ ಇಲ್ಲ. ಮುಂದಿನ ವರ್ಷದ ತೇರಿಗೂ ಆ ವಾದ ಉಳಿದಿರುತ್ತದೆ. ಇದೂ ಸ್ಪರ್ಧೆಯೇ, ಗುಂಡಿಗೆ ಹಿಂಡುವಂಥ ಸ್ಪರ್ಧೆ. ಅಂಕಪಟ್ಟಿ ಇಲ್ಲ, ಅಷ್ಟೆ.

ಇದೇ ಮಾತಿನ ಇನ್ನೊಂದು ರೂಪ ನೋಡಬೇಕಾದರೆ ದುಗ್ಗಮ್ಮನ ಜಾತ್ರೆಗೆ ದಾವಣಗೆರೆಗೆ ಬರಬೇಕು. ಎರಡು ವರ್ಷಕ್ಕೊಮ್ಮೆ ನಡೆಯುವ ಈ ಜಾತ್ರೆಗೆ ಊರಿನ ಮನೆಮನೆಯಲ್ಲೂ ನೆಂಟರು. ಜಾತ್ರೆಯ ಬಯಲು ಕುಸ್ತಿ ನಡೆಯುವುದು ಬೀರಲಿಂಗೇಶ್ವರ ದೇವಸ್ಥಾನದ ಆವರಣದಲ್ಲಿ. ಅಂದರೆ ಡೊಳ್ಳಿನ ದೇವರ ಎದುರೇ ಪೈಲ್ವಾನರ ಅಖಾಡ. ಮಣ್ಣು ಹದ ಮಾಡಿ, ಸುತ್ತ ಜನ ಕೂತು, ಹಲಗೆಯವರು ಒಂದು ಮೂಲೆ ಹಿಡಿದರೆ ಆಟ ಶುರು. ಪೈಲ್ವಾನ ತೊಡೆ ತಟ್ಟುತ್ತಾನೆ, ಒಂದು ಹಿಡಿ ಮಣ್ಣು ತೆಗೆದು ಎದುರಾಳಿಯ ಮೈಗೆ ಸವರುತ್ತಾನೆ. ಹಲಗೆ ನಿಧಾನವಾಗಿರುತ್ತದೆ. ಕೈ ಕೈ ಸೇರಿದಾಗ ಬಿರುಸಾಗುತ್ತದೆ, ಪಟ್ಟು ಬಿದ್ದಾಗ ಹುಚ್ಚೇ ಹಿಡಿಯುತ್ತದೆ. ನನ್ನ ಪ್ರಕಾರ ಅಖಾಡದ ಅರ್ಧ ಕುಸ್ತಿ ಹಲಗೆಯವನದು. ಇಬ್ಬರೂ ಸುಮ್ಮನೆ ತಲೆಗೆ ತಲೆ ಕೊಟ್ಟು ನಿಂತಿರುವಾಗ ಜನರನ್ನು ಎದ್ದು ಹೋಗದಂತೆ ಹಿಡಿದಿಡುವವನು ಅವನೇ.

ಇದೇ ದಾವಣಗೆರೆಯಲ್ಲಿ ಕುಸ್ತಿ ಕಲಿಸುವ ಕ್ರೀಡಾ ಹಾಸ್ಟೆಲ್ ಇದೆ. ಅಲ್ಲಿ ಮಣ್ಣಿನ ಜಾಗದಲ್ಲಿ ಮ್ಯಾಟು, ಹಲಗೆಯ ಜಾಗದಲ್ಲಿ ಗಡಿಯಾರ. ಮೂರು ಮೂರು ನಿಮಿಷದ ಎರಡು ಸುತ್ತು, ಫ್ರೀಸ್ಟೈಲಿನಲ್ಲಿ 10 ಅಂಕದ ಅಂತರ ಬಿದ್ದರೆ ಆಟ ಅಲ್ಲಿಗೇ ಮುಕ್ತಾಯ. ಏಷ್ಯನ್ ಗೇಮ್ಸು, ಒಲಿಂಪಿಕ್ಸಿನ ಕನಸು ಕಾಣುವ ಹುಡುಗ ಹುಡುಗಿಯರಿಗೆ ಈ ಶಿಸ್ತು ಬೇಕೇ ಬೇಕು. ಮಣ್ಣಿನ ಮೇಲೆ ಚಿತ್ ಮಾಡುವುದೊಂದನ್ನೇ ಕಲಿತವನಿಗೆ ಮ್ಯಾಟಿನ ಮೇಲೆ ಅಂಕ ಕದಿಯುವ ಜಾಣತನ ಬರುವುದಿಲ್ಲ. ಆದರೆ ಮ್ಯಾಟಿನ ಫೈನಲ್ಲಿಗೆ ಎಷ್ಟು ಜನ ಸೇರುತ್ತಾರೆ? ಪೈಲ್ವಾನರ ಮನೆಯವರು, ತರಬೇತುದಾರರು, ಸರದಿಗೆ ಕಾದವರು. ಜಾತ್ರೆಯ ಕುಸ್ತಿಗೆ ಮಾತ್ರ ಎರಡೂ ಕಡೆಯ ಪೈಲ್ವಾನರ ಹೆಸರೇ ಗೊತ್ತಿಲ್ಲದವರು ಸಾವಿರಗಟ್ಟಲೆ ಬಂದು, ಗಂಟಲು ಹರಿಯುವಂತೆ ಕೂಗಿ, ಧೂಳು ಕುಡಿದು ಮನೆಗೆ ಹೋಗುತ್ತಾರೆ.

ಡೊಳ್ಳಿಗೂ ಈಗ ತನ್ನದೇ ಮ್ಯಾಟು ಬಂದಿದೆ, ಯುವಜನೋತ್ಸವದ ವೇದಿಕೆ. ಕಾಲೇಜು ತಂಡಗಳು ತಿಂಗಳುಗಟ್ಟಲೆ ತಾಲೀಮು ಮಾಡಿ ಬರುತ್ತವೆ. ತಂಡಕ್ಕೆ ಇಷ್ಟೇ ಜನ, ಇಷ್ಟೇ ನಿಮಿಷ ಎಂಬ ಕಟ್ಟುಪಾಡು. ಮುಂದೆ ಉದ್ದನೆಯ ಮೇಜು, ಮೂವರು ತೀರ್ಪುಗಾರರು, ಎಚ್ಚರಿಕೆಯ ಗಂಟೆ. ವೇಷಭೂಷಣಕ್ಕಿಷ್ಟು, ತಾಳಕ್ಕಿಷ್ಟು, ಹೊಂದಾಣಿಕೆಗಿಷ್ಟು. ಹುಡುಗರು ನಿಜಕ್ಕೂ ಚೆನ್ನಾಗಿ ಬಾರಿಸುತ್ತಾರೆ, ಹಳ್ಳಿಯ ಮೇಳಕ್ಕಿಂತ ಅಚ್ಚುಕಟ್ಟಾಗಿ. ಕಾಲು ಒಂದೇ ಎತ್ತರಕ್ಕೆ ಏಳುತ್ತದೆ, ಕೋಲು ಒಂದೇ ಕ್ಷಣಕ್ಕೆ ಬೀಳುತ್ತದೆ. ಒಬ್ಬರ ಮೇಲೊಬ್ಬರು ಹತ್ತಿ ಗೋಪುರ ಕಟ್ಟುವ ಕಸರತ್ತೂ ಉಂಟು. ಅದಕ್ಕೆ ಚಪ್ಪಾಳೆ ಗ್ಯಾರಂಟಿ. ಹೆಣ್ಣುಮಕ್ಕಳ ತಂಡಗಳು ಡೊಳ್ಳು ಹೊತ್ತು ಧೈರ್ಯವಾಗಿ ನಿಂತಿರುವುದಕ್ಕೆ ಇಂಥ ವೇದಿಕೆಗಳ ಪಾಲೂ ದೊಡ್ಡದಿದೆ. ಆದರೂ ಏನೋ ಕಡಿಮೆ ಬೀಳುತ್ತದೆ. ಎಲ್ಲ ಹುಡುಗರೂ ಮೇಜಿನ ಕಡೆಗೇ ಮುಖ ಮಾಡಿರುತ್ತಾರೆ. ವೃತ್ತ ಒಡೆದು ಸಾಲಾಗಿರುತ್ತದೆ. ಗತ್ತು ಕಾವೇರುವ ಹೊತ್ತಿಗೆ ಗಂಟೆ ಬಾರಿಸುತ್ತದೆ.

ಈ ತಕರಾರು ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಡ್ರಮ್ ಕೋರ್ ಎಂಬ ಕವಾಯತು ಮೇಳಗಳಿವೆ; ಹಿತ್ತಾಳೆಯ ತುತ್ತೂರಿ, ಡ್ರಮ್ಮು, ಬಾವುಟ ಹಿಡಿದು ಮೈದಾನದ ತುಂಬ ಚಿತ್ತಾರ ಬಿಡಿಸುತ್ತ ಬಾರಿಸುವ, 22 ದಾಟದ ಹುಡುಗ ಹುಡುಗಿಯರು. ಅವರ ಚಾಂಪಿಯನ್‌ಷಿಪ್ 1972ರಿಂದ ನಡೆಯುತ್ತಿದೆ. ಅಂಕ ನೂರಕ್ಕೆ, ಅದೂ ದಶಾಂಶದಲ್ಲಿ: 2014ರಲ್ಲಿ ಬ್ಲೂ ಡೆವಿಲ್ಸ್ ಎಂಬ ಮೇಳ ಪಡೆದದ್ದು 99.65. ಅದೇ ದೇಶದ ಕಾಲೇಜು ಫುಟ್‌ಬಾಲಿನಲ್ಲೂ ಮೇಳಗಳಿವೆ, ಅಲ್ಲಿ ಅಂಕವಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಒಂದು ಲಕ್ಷ ಮೀರಿದ ಆಸನಗಳ ಕ್ರೀಡಾಂಗಣದಲ್ಲಿ ಆಟ ಸೋತರೂ ವಾದ್ಯ ನಿಲ್ಲುವುದಿಲ್ಲ. ಒಹಾಯೊ ಸ್ಟೇಟ್ ಮೇಳದವರು 1936ರಿಂದ ಮೈದಾನದಲ್ಲಿ ನಡೆಯುತ್ತಲೇ ತಮ್ಮ ರಾಜ್ಯದ ಹೆಸರು ಬರೆಯುತ್ತಾರೆ. ಅದರಲ್ಲಿನ ಒಂದಕ್ಷರದ ಚುಕ್ಕೆಯ ಜಾಗಕ್ಕೆ ದೊಡ್ಡ ಕಹಳೆಯವನೊಬ್ಬ ಬಂದು ನಿಂತಾಗ ಜನಸ್ತೋಮ ಕಿರುಚುತ್ತದೆ. ಅದಕ್ಕೆ ಯಾರೂ ಅಂಕ ಹಾಕುವುದಿಲ್ಲ.

ನನಗೆ ಬಹಳ ಹಿಡಿಸಿದ್ದು ಬೇರೆ ಸಂಗತಿ. ಡ್ರಮ್ ಕೋರಿನ ಕಟ್ಟಾ ಅಭಿಮಾನಿಗಳು ಸ್ಪರ್ಧೆಗಿಂತ ಮುಂಚೆಯೇ ಬಂದು, ಕ್ರೀಡಾಂಗಣದ ಹೊರಗೆ ವಾಹನ ನಿಲ್ಲಿಸುವ ಜಾಗದಲ್ಲಿ ಕೈ ಬಿಸಿ ಮಾಡಿಕೊಳ್ಳುವ ಡ್ರಮ್ಮಿನವರನ್ನು ಮುತ್ತಿಕೊಳ್ಳುತ್ತಾರೆ. ಅಲ್ಲಿ ತೀರ್ಪಿಲ್ಲ, ಕೈಯಳತೆಯಲ್ಲಿ ಸದ್ದು. ನಮ್ಮ ಯುವಜನೋತ್ಸವದಲ್ಲೂ ಇದೇ. ವೇದಿಕೆಯ ಹಿಂದೆ, ಬೇವಿನ ಮರದಡಿ, ಒಬ್ಬ ಡೊಳ್ಳಿನ ಹಗ್ಗ ಎಳೆದು ಬಿಗಿ ಮಾಡುತ್ತಿರುತ್ತಾನೆ. ಹಲಗೆಯವನು ಒಣಹುಲ್ಲಿಗೆ ಬೆಂಕಿ ಕೊಟ್ಟು ಚರ್ಮ ಕಾಯಿಸುತ್ತಿರುತ್ತಾನೆ. ಕಾದದ್ದು ಸರಿಯಾಯಿತೇ ಎಂದು ನಾಲ್ಕು ಪೆಟ್ಟು. ಆ ನಾಲ್ಕಕ್ಕೆ ಇನ್ನೊಂದು ಕಾಲೇಜಿನವನ ನಾಲ್ಕು ಉತ್ತರ. ಅಡುಗೆಯವರು ಸೌಟು ಹಿಡಿದೇ ಬಂದು ನಿಲ್ಲುತ್ತಾರೆ. ಒಳಗೆ ಕುರ್ಚಿಗಳು ಅರ್ಧ ಖಾಲಿ, ಹೊರಗೆ ಮರದಡಿ ಜಾತ್ರೆ!

ಸಾಗರ್ ಪುರಾಣಿಕ್ ನಿರ್ದೇಶಿಸಿದ, ರಾಷ್ಟ್ರಪ್ರಶಸ್ತಿ ಪಡೆದ 'ಡೊಳ್ಳು' ಸಿನಿಮಾ ನೋಡಿದವರಿಗೆ ನೆನಪಿರಬಹುದು. ಅಲ್ಲಿನ ಸಂಕಟ ಯಾವ ಬಹುಮಾನ ಕೈತಪ್ಪಿತೆಂಬುದಲ್ಲ. ಬೆಂಗಳೂರು ಸೇರಿದ ಗೆಳೆಯರು ಊರ ಜಾತ್ರೆಗೆ ಡೊಳ್ಳು ಹೊರಲು ಬರುವರೋ ಇಲ್ಲವೋ ಎಂಬುದು. ಅದು ಆನಗೋಡು ಸೀಮೆಯ ಸಂಕಟವೂ ಹೌದು. ವೃತ್ತದಲ್ಲಿ ಹದಿನಾಲ್ಕು ಜನ ಇರಬೇಕಾದಲ್ಲಿ ಎಂಟೇ ಜನ ಇರುವ ತೇರುಗಳೂ ಇವೆ. ವೇದಿಕೆಯಲ್ಲಿ ಕಲಿತ ಕಾಲೇಜು ಹುಡುಗರು ಬಂದು ಆ ವೃತ್ತ ತುಂಬಿದರೆ ಮೇಳ ಉಳಿಯುತ್ತದೆ. ಸ್ಪರ್ಧೆಯನ್ನು ಬಯ್ದು ಪ್ರಯೋಜನವಿಲ್ಲ. ಅದಿಲ್ಲದಿದ್ದರೆ ಎಷ್ಟೋ ಮಕ್ಕಳು ಡೊಳ್ಳು ಮುಟ್ಟುತ್ತಲೇ ಇರಲಿಲ್ಲ.

ಹಾಗಾಗಿ ಯುವಜನೋತ್ಸವ ನಡೆಸುವ ಕಾಲೇಜುಗಳಿಗೆ ಒಂದು ಬಿನ್ನಹ. ಅಂಕ ಹಾಕಿ, ಡಾಲು ಕೊಡಿ, ಬೇಡವೆನ್ನುವುದಿಲ್ಲ. ಅದಕ್ಕೆ ಮುಂಚಿನ ದಿನ ಸಂಜೆ ಎಲ್ಲ ತಂಡಗಳನ್ನೂ ಒಂದೇ ಬಸ್ಸಿಗೆ ಹತ್ತಿಸಿ ಆನಗೋಡಿಗೋ, ಅಂಥದೇ ಇನ್ನೊಂದು ಊರಿಗೋ ಕರೆತನ್ನಿ. ತೇರುಬೀದಿಯಲ್ಲಿ ಎದುರುಬದುರು ನಿಲ್ಲಿಸಿ. ಗಂಟೆಯನ್ನು ಮಾತ್ರ ಕಾಲೇಜಿನಲ್ಲೇ ಬಿಟ್ಟು ಬನ್ನಿ.